ಟ್ರೆಕ್ಕಿಂಗ್‌ಗೆ ಕಮ್ಮಿ ಖರ್ಚಲ್ಲಿ ಹಗುರವಾದ ಬುತ್ತಿ ಕಟ್ಕೊಳ್ಳೋದು ಹೇಗೆ

ಮೊದಲ ಸಲ ಹಿಮಾಲಯಕ್ಕೆ ನಾವು ನಾಲ್ಕು ಜನ ನಮ್ಮ ಪಾಡಿಗೆ ನಾವೇ ಹೋಗಿದ್ವಿ. ಗೈಡು, ಅಡುಗೆಯವ್ರು ಯಾರೂ ಇಲ್ಲ. ಬ್ಯಾಗಲ್ಲಿ ಅಕ್ಕಿ, ತೊಗರಿಬೇಳೆ, ಈರುಳ್ಳಿ, ಟೊಮೆಟೊ, ಆಲೂಗೆಡ್ಡೆ ಎಲ್ಲ ತುಂಬ್ಕೊಂಡು ಹೊತ್ಕೊಂಡು ಹತ್ತಿದ್ವಿ, ಸುಮಾರು 3500 ಮೀಟರ್ ಎತ್ತರದಲ್ಲಿ ಟೆಂಟ್ ಹಾಕಿ ಬೇಳೆ ಒಲೆ ಮೇಲಿಟ್ರೆ ಒಂದೂವರೆ ಗಂಟೆ ಆದ್ರೂ ಕಾಳು ಕಾಳಾಗೇ ಇತ್ತು, ಗ್ಯಾಸ್ ಮಾತ್ರ ಅರ್ಧ ಖಾಲಿ. ಆವತ್ತು ರಾತ್ರಿ ಬಿಸ್ಕತ್ತು ತಿಂದು ಮಲಗಿದ್ವಿ. ಕಾರಣ ಆಮೇಲೆ ಗೊತ್ತಾಯ್ತು: ಒಂದೊಂದು ಸಾವಿರ ಮೀಟರ್ ಮೇಲೆ ಹೋದ ಹಾಗೆ ನೀರು ಹೆಚ್ಚುಕಮ್ಮಿ 3 ಡಿಗ್ರಿ ಕಮ್ಮಿ ಬಿಸಿಗೇ ಕುದಿಯುತ್ತೆ, ಅಂದ್ರೆ 3500 ಮೀಟರ್‌ನಲ್ಲಿ 88 ಡಿಗ್ರಿ ಆಸುಪಾಸು, ಕುಕ್ಕರ್ ಇಲ್ದೆ ಅಷ್ಟು ಬಿಸೀಲಿ ತೊಗರಿಬೇಳೆ ಬೇಯೋದು ತುಂಬ ಕಷ್ಟ.

ಅವತ್ತಿಂದ ನಾನು ಇಟ್ಕೊಂಡಿರೋ ನಿಯಮ ಒಂದೇ. ಬೇಯಿಸೋ ಹುರಿಯೋ ಕೆಲಸ ಎಲ್ಲ ಮನೇಲೇ ಮುಗಿಸ್ಬೇಕು, ಬೆಟ್ಟದ ಮೇಲೆ ನೀರು ಹಾಕೋ ಕೆಲಸ ಅಷ್ಟೇ ಇರ್ಬೇಕು. ಟೊಮೆಟೊ ಹೊತ್ಕೊಂಡು ಹೋದ್ರೆ ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ, ಹಳ್ಳದಲ್ಲಿ ಸಿಗೋ ನೀರನ್ನ ಬೆಂಗಳೂರಿಂದ ಯಾಕೆ ಹೊರ್ಬೇಕು ಹೇಳಿ.

ಇದಕ್ಕೆ ನೂರಾರು ರೂಪಾಯಿ ಕೊಟ್ಟು ಫ್ರೀಜ್ ಡ್ರೈಡ್ (ಹೆಪ್ಪುಗಟ್ಟಿಸಿ ನೀರು ತೆಗೆದ) ಊಟದ ಪ್ಯಾಕೆಟ್ ತರಿಸ್ಬೇಕಾಗಿಲ್ಲ. ನಮ್ಮಜ್ಜಿ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋವಾಗ ಬಟ್ಟೆ ಗಂಟಲ್ಲಿ ಹುರಿಟ್ಟು, ಬೆಲ್ಲ ಕಟ್ಕೊಂಡು ಹೋಗ್ತಿದ್ರು, ಎಲ್ಲಿ ನೀರು ಸಿಗತ್ತೋ ಅಲ್ಲೇ ಊಟ. ಲಡಾಖ್‌ನಲ್ಲಿ ಬಾರ್ಲಿ ಹುರಿದು ಹಿಟ್ಟು ಮಾಡಿ ಬೆಣ್ಣೆ ಟೀನಲ್ಲಿ ಕಲಸಿ ತಿಂತಾರಲ್ಲ, ಅದೂ ನಮ್ಮ ಹುರಿಟ್ಟಿನ ದಾಯಾದಿನೇ. ಮೈಸೂರಲ್ಲಿ 1961ರಲ್ಲಿ ಶುರುವಾದ ಡಿಎಫ್‌ಆರ್‌ಎಲ್ (ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಈಗ ಹೆಸರು ಬದಲಾಗಿದೆ) ನಮ್ಮ ಸೈನಿಕರಿಗೆ ಕೆಡದೇ ಇರೋ ಹಗುರ ಆಹಾರ ಮಾಡೋದ್ರ ಮೇಲೇ ದಶಕಗಟ್ಟಲೆ ಕೆಲಸ ಮಾಡ್ತು, ಉಪ್ಪಿಟ್ಟು ಹಲ್ವದಂಥ ಮಿಕ್ಸ್ ಎಲ್ಲ ಅವರ ಪಟ್ಟಿಯಲ್ಲಿತ್ತು.

ಲೆಕ್ಕ ಮೊದಲು ನೋಡ್ಕೊಳಿ. ದಿನಪೂರ್ತಿ ಬ್ಯಾಗ್ ಹೊತ್ತು ನಡಿಯೋರಿಗೆ ಒಬ್ಬರಿಗೆ ದಿನಕ್ಕೆ 550ರಿಂದ 600 ಗ್ರಾಂ ಒಣ ಆಹಾರ ಸಾಕು. ಅವಲಕ್ಕಿ, ರವೆ, ಬೆಲ್ಲ ಇವೆಲ್ಲ 100 ಗ್ರಾಂಗೆ 350–380 ಕ್ಯಾಲೊರಿ, ಕಡಲೆಬೀಜ 560ರ ಹತ್ರ, ಎಣ್ಣೆ ತುಪ್ಪ ಸುಮಾರು 900. ಅದಕ್ಕೇ ಹಗುರ ಆಗ್ಬೇಕು ಅಂದ್ರೆ ಕಡಲೆಬೀಜ, ಕೊಬ್ಬರಿ, ತುಪ್ಪ ಧಾರಾಳವಾಗಿ ಹಾಕಿ, ಡಯಟ್ ಎಲ್ಲ ವಾಪಸ್ ಬಂದ್ಮೇಲೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು ಗೊಜ್ಜವಲಕ್ಕಿ, ಯಾಕಂದ್ರೆ ಇದಕ್ಕೆ ಬಿಸಿನೀರೂ ಬೇಡ. ಅರ್ಧ ಕೆಜಿ ಗಟ್ಟಿ ಅವಲಕ್ಕೀನ ಬಾಣಲೇಲಿ ಬೆಚ್ಚಗೆ ಮಾಡಿ ಮಿಕ್ಸಿಗೆ ಹಾಕಿ ಒಂದೆರಡು ಸಲ ತಿರುಗಿಸಿ ನಿಲ್ಸಿ, ಇಡ್ಲಿ ರವೆ ಥರ ತರಿ ಇರ್ಬೇಕು, ಹಿಟ್ಟಾದ್ರೆ ಆಮೇಲೆ ಅಂಟಂಟಾಗತ್ತೆ. ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ನೆನೆಸಿ ಗಟ್ಟಿ ರಸ ತೆಗೆದು, ಅದಕ್ಕೆ ಉಪ್ಪು, ಬೆಲ್ಲ, ಮೂರು ಚಮಚ ಸಾರಿನಪುಡಿ ಹಾಕಿ ಲೇಹ್ಯ ಆಗೋತನಕ ಕುದಿಸಿ. ಈ ಗೊಜ್ಜನ್ನ ತರಿಗೆ ಹಾಕಿ ಕೈಯಲ್ಲೇ ಚೆನ್ನಾಗಿ ತಿಕ್ಕಿ ಕಲಸ್ಬೇಕು. ಮೊದಲು ಉಂಡೆ ಉಂಡೆ ಆಗತ್ತೆ, ಗಾಬರಿ ಬೀಳ್ಬೇಡಿ, ಸಣ್ಣ ಉರೀಲಿ ಇಟ್ಟು ಇಪ್ಪತ್ತು ನಿಮಿಷ ಕೈ ಆಡಿಸ್ತಾ ಇದ್ರೆ ಉಂಡೆ ಒಡೆದು ಕಂದುಬಣ್ಣದ ಪುಡಿಪುಡಿ ತರಿ ಆಗತ್ತೆ, ಸೌಟಿಗೆ ತಾಗಿದಾಗ ಮರಳು ಥರ ಸರಸರ ಅನ್ಬೇಕು, ಆವಾಗ ಒಣಗಿದೆ ಅಂತ. ಕಡಲೆಬೀಜ, ಸಾಸಿವೆ, ಕಡಲೆಬೇಳೆ, ಇಂಗು, ಗರಿಗರಿ ಆಗೋ ಹಾಗೆ ಹುರಿದ ಕರಿಬೇವು ಇಷ್ಟರ ಒಗ್ಗರಣೆ, ಕೊನೇಲಿ ಒಣಕೊಬ್ಬರಿ ತುರಿ. ಬೆಟ್ಟದಲ್ಲಿ ಒಂದು ಲೋಟ ತರಿಗೆ ಮುಕ್ಕಾಲು ಲೋಟ ತಣ್ಣೀರು ಹಾಕಿ ಮುಚ್ಚಿಡಿ, ಕಾಲು ಗಂಟೇಲಿ ರೆಡಿ. ನಾನು ಮನೇಲಿ ಮಾಡೋ ಲೆಕ್ಕದಲ್ಲಿ ಒಂದು ಊಟಕ್ಕೆ 20–25 ರೂಪಾಯಿ ಬೀಳತ್ತೆ ಅಷ್ಟೆ.

ಬೆಂಕಿ ಬೇಡದ ಊಟ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನಮ್ಮ ಪಶ್ಚಿಮಘಟ್ಟದ ಕಾಡಲ್ಲಿ ಬೆಂಕಿ ಹಾಕೋ ಹಾಗಿಲ್ಲ, ಹಾಕ್ಲೂಬಾರ್ದು. ಕುಮಾರಪರ್ವತದ ಮೇಲಿನ ಹುಲ್ಲು ಜನವರಿ ಹೊತ್ತಿಗೆಲ್ಲ ಒಣಗಿ ನಿಂತಿರತ್ತೆ, ಒಂದು ಕಿಡಿ ಸಾಕು. ಅಲ್ಲಿಗೆ ಹೋಗೋರು ಸ್ಟವ್ ಮನೇಲೇ ಬಿಟ್ಟು ಗೊಜ್ಜವಲಕ್ಕಿ, ಹುರಿಟ್ಟು, ರೊಟ್ಟಿ ಈ ಮೂರನ್ನೇ ನಂಬ್ಕೊಳಿ.

ಹುರಿಟ್ಟು ಸುಲಭ. ರಾಗಿ ಹುರಿಟ್ಟು ಅಂಗಡೀಲೇ ಸಿಗತ್ತೆ, ಅರಳಿಸಿದ ರಾಗೀದೇ ಆಗಿರ್ಬೇಕು, ಹಸಿ ರಾಗಿಹಿಟ್ಟು ತಂದ್ರೆ ಹೊಟ್ಟೆ ಕೆಡತ್ತೆ. 250 ಗ್ರಾಂ ಹುರಿಟ್ಟಿಗೆ 150 ಗ್ರಾಂ ಬೆಲ್ಲದ ಪುಡಿ, 100 ಗ್ರಾಂ ಹಾಲಿನ ಪುಡಿ, 100 ಗ್ರಾಂ ಹುರಿಗಡಲೆ ಪುಡಿ, ಏಲಕ್ಕಿ ಎರಡು. ಬೆಳಗ್ಗೆ ಈ ಪುಡಿ ಒಂದು ಹಿಡಿ ತಗೊಂಡು ನೀರಲ್ಲಿ ಕಲಸಿ ಉಂಡೆ ಮಾಡ್ಕೊಂಡು ತಿಂದ್ರೆ ಹನ್ನೊಂದು ಗಂಟೆವರೆಗೂ ಹಸಿವು ಅನ್ನಲ್ಲ. ನೀರು ಜಾಸ್ತಿ ಹಾಕಿದ್ರೆ ಕುಡಿಯೋಕೂ ಆಗತ್ತೆ.

ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಬಗ್ಗೆ ಹೇಳ್ಬೇಕಾದ್ದೇ ಇಲ್ಲ, ವಾರಗಟ್ಟಲೆ ಇರತ್ತೆ, ತೂಕ ಇಲ್ಲ. ಬ್ಯಾಗಲ್ಲಿ ಒಡೆಯತ್ತೆ ನಿಜ, ನಾನು ಮೊದಲೇ ನಾಲ್ಕು ತುಂಡು ಮಾಡಿ ಡಬ್ಬಿಗೆ ಹಾಕ್ಬಿಡ್ತೀನಿ. ಜೊತೆಗೆ ಶೇಂಗಾ ಚಟ್ನಿಪುಡಿ, ಪುಟ್ಟ ಬಾಟ್ಲಲ್ಲಿ ತುಪ್ಪ.

ಹಿಮಾಲಯದ ಕಡೆ, ಸ್ಟವ್ ಬಳಸೋಕೆ ಅವಕಾಶ ಇರೋ ಕಡೆ ಉಪ್ಪಿಟ್ಟಿನ ಮಿಕ್ಸ್ ಮಾಡ್ಕೊಳಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡಲ್ಲ, ಮನಾಲಿ ಡೆಹ್ರಾಡೂನ್‌ನಲ್ಲೇ ತಗೊಳಿ. 300 ಗ್ರಾಂ ರವೆ ಘಮ್ ಅನ್ನೋತನಕ ಹುರಿದು ಪಕ್ಕಕ್ಕಿಡಿ, ಸ್ವಲ್ಪ ಹೆಚ್ಚೇ ಎಣ್ಣೇಲಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ ಹಾಕಿ ಮೆಣಸಿನಕಾಯಲ್ಲಿ ಒಂಚೂರೂ ಹಸಿ ಉಳೀದೇ ಇರೋ ಹಾಗೆ ಹುರಿದು ರವೆಗೆ ಸೇರಿಸಿ, ಉಪ್ಪು, ಚಿಟಿಕೆ ನಿಂಬೆಉಪ್ಪು. 100 ಗ್ರಾಂ ಮಿಕ್ಸ್‌ಗೆ 300 ಎಂಎಲ್ ಕುದಿಯೋ ನೀರು ಸುರಿದು ಮುಚ್ಚಿ, ಪಾತ್ರೇನ ಸ್ವೆಟರ್‌ನಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಸ್ವೆಟರ್ ಒಳಗೇ ರವೆ ಅರಳ್ಕೊಳತ್ತೆ, ಗ್ಯಾಸ್ ಉಳಿಯತ್ತೆ.

ಬೇಳೆ ಬೇಕೇ ಬೇಕು ಅನ್ನೋರಿಗೆ ಹೆಸರುಬೇಳೆ. ಕೆಂಪಗೆ ಹುರಿದು ನುಣ್ಣಗೆ ಪುಡಿ ಮಾಡಿ ಮೆಣಸು, ಜೀರಿಗೆ, ಸಾರಿನಪುಡಿ, ಉಪ್ಪು ಸೇರಿಸಿಟ್ರೆ ಎತ್ತರದಲ್ಲೂ ಐದಾರು ನಿಮಿಷ ಕುದಿಸಿದ್ರೆ ಸಾಕು. ಸಂಜೆ ಚಳೀಲಿ ಟೆಂಟ್ ಬಾಗಿಲಲ್ಲಿ ಕೂತು ಲೋಟದಲ್ಲಿ ಈ ಸಾರು ಕುಡಿಯೋ ಸುಖ ಯಾವ ಸೂಪ್ ಪ್ಯಾಕೆಟ್ಟಲ್ಲೂ ಇಲ್ಲ.

ಕೆಡೋದು ಎಲ್ಲಿ ಅಂದ್ರೆ ಪ್ಯಾಕ್ ಮಾಡೋವಾಗ. ಬಿಸಿ ಇದ್ದಾಗ ಕವರ್‌ಗೆ ಹಾಕಿದ್ರೆ ಒಳಗೆ ಬೆವರು ಹನಿ ನಿಲ್ಲತ್ತೆ, ಎರಡೇ ದಿನಕ್ಕೆ ಬೂಸ್ಟು. ಅಗಲ ತಟ್ಟೇಲಿ ಹರಡಿ ಪೂರ್ತಿ ಆರಿಸಿ. ಕಡಲೆಬೀಜ, ಕೊಬ್ಬರಿ ಕಮಟು ವಾಸನೆ ಬರತ್ತೆ, ಹಾಗಾಗಿ ಹೊರಡೋಕೆ ವಾರ ಮುಂಚೆಗಿಂತ ಮೊದಲು ಮಾಡ್ಬೇಡಿ. ಒಂದೊಂದು ಹೊತ್ತಿಗೆ ಒಂದೊಂದು ಜಿಪ್ ಕವರ್, ಮೇಲೆ ಮಾರ್ಕರ್‌ನಲ್ಲಿ ಎಷ್ಟು ನೀರು ಅಂತ ಬರೆದಿಡಿ, ಸುಸ್ತಾಗಿರೋವಾಗ ನೆನಪಿರಲ್ಲ. ಅರಣ್ಯ ಇಲಾಖೆ ಚೆಕ್‌ಪೋಸ್ಟಲ್ಲಿ ಪ್ಲಾಸ್ಟಿಕ್ ಬಿಡದ ಕಡೆ ಬಟ್ಟೆ ಚೀಲ, ಸ್ಟೀಲ್ ಡಬ್ಬಿ. ಖಾಲಿ ಕವರ್ ಒಂದೂ ಅಲ್ಲಿ ಬಿಡ್ದೆ ವಾಪಸ್ ತನ್ನಿ, ತೊಳೆದ್ರೆ ಮುಂದಿನ ಟ್ರಿಪ್‌ಗೂ ಆಗತ್ತೆ.

ಹೊರಡೋ ಮುಂಚಿನ ಭಾನುವಾರ ಮನೇಲೇ ಒಂದ್ಸಲ ಟ್ರೈ ಮಾಡಿ. ಬೆಟ್ಟಕ್ಕೆ ತಗೊಂಡು ಹೋಗೋ ಅದೇ ಲೋಟದಲ್ಲಿ ಅಳೀರಿ, ಮನೆ ಲೋಟ ಬೇರೆ ಅಳತೆ ಇರತ್ತೆ. ಉಪ್ಪು ಕಮ್ಮಿ ಅನ್ಸಿದ್ರೆ ಅಲ್ಲೇ ಸೇರಿಸ್ಕೊಳಿ, ಬೆವರು ಹರಿಸಿ ಹತ್ತಿದ ಮೇಲೆ ನಾಲಿಗೆ ಇನ್ನೂ ಸ್ವಲ್ಪ ಉಪ್ಪು ಕೇಳತ್ತೆ.