ಮರಳಲ್ಲಿ ದ್ರಾಕ್ಷಿ ಬೆಳೆಯುವುದು ಹೇಗೆ?

ನಂದಿಬೆಟ್ಟದ ಸುತ್ತ ನಾವು ನೋಡಿರುವುದು ಕೆಂಪು ಮಣ್ಣು, ಕಲ್ಲುಕಂಬದ ಚಪ್ಪರ, ಅದರಡಿ ತೂಗುವ ಬೆಂಗಳೂರು ಬ್ಲೂ ಗೊಂಚಲು. ಪೋರ್ಚುಗಲ್‌ನ ಕೊಲಾರಿಶ್‌ನಲ್ಲಿ ಚಪ್ಪರವೂ ಇಲ್ಲ, ಕೆಂಪು ಮಣ್ಣೂ ಇಲ್ಲ. ಲಿಸ್ಬನ್ ಹತ್ತಿರ, ಅಟ್ಲಾಂಟಿಕ್ ಕಡಲ ಪಕ್ಕದಲ್ಲಿ, ಬರೀ ಮರಳಿನ ಮೇಲೆ ಬಳ್ಳಿ ಹರಡಿಕೊಂಡಿರುತ್ತದೆ. 1908ರಲ್ಲೇ ವೈನ್ ಪ್ರದೇಶವೆಂದು ಗಡಿ ಗುರುತಿಸಿದ ಈ ಪುಟ್ಟ ಜಾಗದ ಕೆಲಸ ಹೇಗೆ ನಡೆಯುತ್ತದೆ, ನೋಡೋಣ.

ಮೊದಲು ಅಗೆತ. ಬಳ್ಳಿಯ ಬೇರಿಗೆ ಬೇಕಾದ ನೀರು, ಸಾರ ಇರುವುದು ಮರಳಿನ ಕೆಳಗಿನ ಜೇಡಿಮಣ್ಣಿನಲ್ಲಿ. ಅದು ಒಂದೆರಡು ಮೀಟರ್ ಕೆಳಗೆ ಸಿಗಬಹುದು, ಕೆಲವು ಕಡೆ ನಾಲ್ಕೈದು ಮೀಟರ್ ಇಳಿಯಬೇಕು. ಮರಳಿನ ಗೋಡೆ ಕುಸಿದರೆ ಒಳಗಿದ್ದವರ ಉಸಿರು ಕಟ್ಟುತ್ತದೆ. ಅದಕ್ಕೇ ಹಿಂದೆ ಕೂಲಿಯವರು ತಲೆಗೆ ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದರು. ಮರಳು ಮೇಲೆ ಬಿದ್ದರೂ ಮುಖದ ಮುಂದೆ ಒಂದಿಷ್ಟು ಗಾಳಿ ಉಳಿಯಲಿ ಅಂತ. ಒಂದು ಬಾಟಲಿಯ ಹಿಂದೆ ಇಷ್ಟು ಧೈರ್ಯವಿದೆ ಎಂಬುದನ್ನು ಮರೆಯಬಾರದು.

ನಂತರ ನಾಟಿ. ಕಡ್ಡಿಯನ್ನು ಜೇಡಿಮಣ್ಣಿಗೆ ಊರುತ್ತಾರೆ. ಅದು ಬೆಳೆದಂತೆಲ್ಲ ಗುಂಡಿಗೆ ಸ್ವಲ್ಪ ಸ್ವಲ್ಪವೇ ಮರಳು ತುಂಬುತ್ತಾ ಬರುತ್ತಾರೆ. ಕಸಿ ಕಟ್ಟುವುದಿಲ್ಲ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನು ಹಾಳು ಮಾಡಿತು. ಉಳಿದ ಕಡೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿ ಬಚಾವಾದರು. ಇಲ್ಲಿ ಹೇನಿಗೆ ಮರಳು ದಾಟಿ ಬೇರು ಮುಟ್ಟಲು ಆಗಲಿಲ್ಲ. ಹಾಗಾಗಿ ಬಳ್ಳಿ ಇಂದಿಗೂ ತನ್ನದೇ ಬೇರಿನ ಮೇಲಿದೆ.

ಗಾಳಿಗೆ ತಡೆ. ಕಡಲ ಉಪ್ಪುಗಾಳಿ ಎಲೆ ಸುಡುತ್ತದೆ. ಒಣಗಿದ ಲಾಳದ ಕಡ್ಡಿಗಳ ಬೇಲಿ, ಗಿಡ್ಡ ಕಲ್ಲುಗೋಡೆ ಕಟ್ಟುತ್ತಾರೆ. ಬಳ್ಳಿಯನ್ನು ನೆಲಕ್ಕೇ ಬಿಡುತ್ತಾರೆ. ಹಣ್ಣಾಗುವ ಹೊತ್ತಿಗೆ ಗೊಂಚಲು ಬಿಸಿ ಮರಳಿಗೆ ತಾಗದಂತೆ ಸಣ್ಣ ಕೋಲು ಕೊಟ್ಟು ಎತ್ತುತ್ತಾರೆ, ಅಷ್ಟೇ.

ಕೊಯ್ಲು, ಕಾಯುವುದು. ಮಂಜು, ತಂಪು ಜಾಸ್ತಿ ಇರುವುದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ. ಕೆಂಪು ವೈನಿಗೆ ರಮಿಶ್ಕು ತಳಿ, ಬಿಳಿಗೆ ಮಲ್ವಾಸಿಯಾ. ರಮಿಶ್ಕು ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಎಳೆಯ ವೈನ್ ಹಸಿ ನೆಲ್ಲಿಕಾಯಿಯಂತೆ ಒಗರು, ಹುಳಿ. ಮರದ ಪೀಪಾಯಿಯಲ್ಲೂ ಬಾಟಲಿಯಲ್ಲೂ ವರ್ಷಗಟ್ಟಲೆ ಇಟ್ಟ ಮೇಲೆಯೇ ಮೆದುವಾಗುವುದು.

ಹೇನು ಮಾಡಲಾಗದ್ದನ್ನು ಸೈಟು ಮಾಡಿತು. ಲಿಸ್ಬನ್ ಬೆಳೆದಂತೆ ಕಡಲ ಪಕ್ಕದ ಜಾಗಕ್ಕೆ ಬೇಡಿಕೆ ಬಂತು, ತೋಟಗಳಿದ್ದಲ್ಲಿ ರಜಾ ಮನೆಗಳೆದ್ದವು. ದೇವನಹಳ್ಳಿ ಕಡೆ ದ್ರಾಕ್ಷಿ ಚಪ್ಪರ ಕಿತ್ತು ಲೇಔಟ್ ಮಾಡಿದ್ದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ಬೆಂಗಳೂರು ಬ್ಲೂಗೂ ನೆಲ ಉಳಿದರೆ ತಾನೇ ಬೆಲೆ? ಕೊಲಾರಿಶ್‌ನಲ್ಲಿ 1931ರಲ್ಲಿ ಶುರುವಾದ ಬೆಳೆಗಾರರ ಸಹಕಾರಿ ವೈನರಿ ಇನ್ನೂ ನಡೆಯುತ್ತಿದೆ. ಉಳಿದ ಸಣ್ಣ ಬೆಳೆಗಾರರಿಗೆ ಅದೇ ಆಸರೆ.

ರುಚಿ ನೋಡಬೇಕೆಂದರೆ ಲಿಸ್ಬನ್‌ಗೆ ಹೋದಾಗ ರೊಸಿಯೊ ನಿಲ್ದಾಣದಿಂದ ಸಿಂತ್ರಾಕ್ಕೆ ರೈಲು ಹಿಡಿಯಿರಿ, ಅಲ್ಲಿಂದ ಕೊಲಾರಿಶ್‌ಗೆ ಬಸ್ಸಿದೆ. ಬಾಟಲಿಗಳು ಹೆಚ್ಚಾಗಿ ಅರ್ಧ ಲೀಟರಿನವು. ಭಾರತಕ್ಕೆ ಮರಳುವಾಗ 2 ಲೀಟರ್‌ವರೆಗೆ ಸುಂಕವಿಲ್ಲ, ಅಂದರೆ ನಾಲ್ಕು ಬಾಟಲಿ. ಕೊಳ್ಳುವಾಗ ಹಳೆಯ ವರ್ಷದ್ದನ್ನೇ ಕೇಳಿ. ಕೆಂಪು ವೈನನ್ನು ಊಟಕ್ಕೆ ಒಂದು ಗಂಟೆ ಮೊದಲೇ ತೆರೆದಿಡಿ. ಬಿಳಿಯನ್ನು ತಣ್ಣಗೆ ಮಾಡಿ, ಹುರಿದ ಮೀನಿನ ಜೊತೆ ಕುಡಿಯಿರಿ.