ಬೀಟ್‌ರೂಟ್ ನೀರಲ್ಲಿ ಎಲ್ ನಿನೊ ನೋಡುವುದು ಹೇಗೆ?

2023ರಲ್ಲಿ ಮುಂಗಾರು ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ. ಮಂಡ್ಯದಲ್ಲಿ ರೈತರು ಕಾವೇರಿ ನೀರಿಗಾಗಿ ರಸ್ತೆಗಿಳಿದರು. ಆಗ ಎಲ್ಲರ ಬಾಯಲ್ಲೂ ಎಲ್ ನಿನೊ, ಅಂದರೆ ಕೆಲವು ವರ್ಷಕ್ಕೊಮ್ಮೆ ಸಮಭಾಜಕದ ಬಳಿ ಪೆಸಿಫಿಕ್ ಸಾಗರ ಬಿಸಿಯಾಗುವುದು. ಮಳೆಗೂ ಅದಕ್ಕೂ ಇರುವ ನಂಟು ನಮಗೆ ಗೊತ್ತು. ಆದರೆ ಸಮುದ್ರ ಮತ್ತು ಗಾಳಿಯ ನಡುವೆ ನಡೆಯುವ ಇಂಗಾಲದ ಡೈಆಕ್ಸೈಡ್ ಕೊಡು-ಕೊಳ್ಳುವಿಕೆಯನ್ನೂ ಅದು ಏರುಪೇರು ಮಾಡುತ್ತದೆ. ಹೇಗೆ ಅಂತ ಅಡುಗೆಮನೆಯಲ್ಲೇ ನೋಡಬಹುದು.

ಮೊದಲು ಎರಡು ಚಿಕ್ಕ ಬಾಟಲಿ ಸೋಡಾ ತನ್ನಿ. ಮುಚ್ಚಳ ತೆಗೆದ ಕೂಡಲೇ ಬಾಯಿಗೆ ಒಂದೊಂದು ಬಲೂನು ಸಿಕ್ಕಿಸಿ. ಒಂದನ್ನು ಐಸ್ ನೀರಲ್ಲಿ, ಇನ್ನೊಂದನ್ನು ಸ್ನಾನದ ನೀರಿನಷ್ಟು ಬಿಸಿ ಇರುವ ನೀರಲ್ಲಿ ನಿಲ್ಲಿಸಿ. ಬಿಸಿ ಕಡೆಯ ಬಲೂನು ಬೇಗ ಉಬ್ಬುತ್ತದೆ. ತಣ್ಣಗಿನ ನೀರು ಅನಿಲ ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಬಿಟ್ಟುಕೊಡುತ್ತದೆ.

ಹಾಗಾದ್ರೆ ಎಲ್ ನಿನೊ ಬಂದು ಪೆಸಿಫಿಕ್ ಬಿಸಿಯಾದಾಗ ಅಲ್ಲಿಂದ ಇಂಗಾಲ ಜಾಸ್ತಿ ಹೊರಬರಬೇಕು, ಅಲ್ವಾ? ಇಲ್ಲ, ಕಡಿಮೆ ಬರುತ್ತದೆ! ನನಗೆ ತುಂಬ ಇಷ್ಟವಾದದ್ದು ಇದೇ. ಸೋಡಾ ಹೇಳಿದ್ದು ಅರ್ಧ ಕಥೆ. ಉಳಿದರ್ಧಕ್ಕೆ ಬೀಟ್‌ರೂಟ್ ಬೇಕು.

ಬೀಟ್‌ರೂಟ್ ಬೇಯಿಸಿದ ನೀರಿಗೆ ಒಂದು ಹಿಡಿ ಉಪ್ಪು ಕರಗಿಸಿ, ಆರಿಸಿಡಿ. ಉದ್ದನೆಯ ಪಾರದರ್ಶಕ ಡಬ್ಬಿಯಲ್ಲಿ ಮೂರು ಬೆರಳಷ್ಟು ಸಾದಾ ನೀರು ತುಂಬಿ. ಈಗ ಕೊಳವೆಯೊಂದನ್ನು ತಳಕ್ಕೆ ತಾಗಿಸಿ, ಕೆಂಪು ನೀರನ್ನು ನಿಧಾನವಾಗಿ ಇಳಿಸಿ. ಆತುರ ಬೇಡ, ಕಲಕಿದರೆ ಎಲ್ಲಾ ಒಂದೇ ಬಣ್ಣ. ಸರಿಯಾಗಿ ಇಳಿದರೆ ಕೆಳಗೆ ದಟ್ಟ ಕೆಂಪು, ಮೇಲೆ ತಿಳಿ ನೀರು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಡಬ್ಬಿಯ ಬಲತುದಿ ಪೆರು ದೇಶ, ಎಡತುದಿ ಇಂಡೋನೇಷ್ಯಾ ಅಂದುಕೊಳ್ಳಿ. ಕೆಂಪು ನೀರು ಆಳದ ಸಮುದ್ರ. ಮೇಲೆ ಸತ್ತ ಜೀವಿಗಳು ಕೆಳಗಿಳಿದು, ತಿಪ್ಪೆಗುಂಡಿಯಲ್ಲಿ ಕೊಳೆಯುವ ಹಾಗೆ ಅಲ್ಲಿ ಕೊಳೆಯುತ್ತವೆ. ಅದರಿಂದ ಆ ತಣ್ಣನೆ ನೀರಲ್ಲಿ ಇಂಗಾಲ ತುಂಬಿಕೊಂಡಿರುತ್ತದೆ.

ಈಗ ಪುಟ್ಟ ಕೈಫ್ಯಾನ್ ಹಿಡಿದು ಬಲದಿಂದ ಎಡಕ್ಕೆ, ನೀರಿನ ಮೇಲೆ ಸವರುವಂತೆ ಗಾಳಿ ಬಿಡಿ. ಇದೇ ವಾಣಿಜ್ಯ ಮಾರುತ, ಅಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ. ತಿಳಿ ನೀರು ಎಡಕ್ಕೆ ಸರಿಯುತ್ತದೆ, ಬಲಬದಿಯಲ್ಲಿ ಕೆಂಪು ಮೆಲ್ಲಗೆ ಮೇಲೇಳುತ್ತದೆ. ನಿಜವಾದ ಪೆಸಿಫಿಕ್‌ನಲ್ಲಿ ಹೀಗೆ ಮೇಲೆ ಬಂದ ನೀರು ಇಂಗಾಲವನ್ನು ಗಾಳಿಗೆ ಬಿಡುತ್ತದೆ. ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರಗಳು ಎಳೆದುಕೊಳ್ಳುತ್ತವೆ, ನಿಜ. ಆದರೆ ಸಮಭಾಜಕದ ಬಳಿಯ ಈ ಪಟ್ಟಿ ಮಾತ್ರ ಕೊಡುವ ಕೈ.

ಫ್ಯಾನ್ ನಿಲ್ಲಿಸಿ. ಕೆಂಪು ಗೆರೆ ಮತ್ತೆ ಕೆಳಗಿಳಿದು ಮಟ್ಟವಾಗುತ್ತದೆ. ಇದೇ ಎಲ್ ನಿನೊ. 2ರಿಂದ 7 ವರ್ಷಕ್ಕೊಮ್ಮೆ ಆ ಮಾರುತ ಸೊರಗುತ್ತದೆ, ಆಳದ ನೀರು ಮೇಲೆ ಬರುವುದು ಕಡಿಮೆಯಾಗುತ್ತದೆ, ಅದರ ಜೊತೆ ಇಂಗಾಲ ಹೊರಬರುವುದೂ. ಗಾಳಿಯ ಇಂಗಾಲ ಅಳೆಯಲು 2014ರಲ್ಲಿ ಹಾರಿಸಿದ ನಾಸಾದ ಒಸಿಒ-2 ಉಪಗ್ರಹ 2015ರ ಎಲ್ ನಿನೊ ಶುರುವಿನ ತಿಂಗಳುಗಳಲ್ಲಿ ಪೆಸಿಫಿಕ್ ಮೇಲೆ ಈ ಇಳಿಕೆಯನ್ನು ಕಂಡಿತು.

ಆದರೂ ಎಲ್ ನಿನೊ ವರ್ಷಗಳಲ್ಲಿ ಗಾಳಿಯಲ್ಲಿ ಇಂಗಾಲ ಸಾಮಾನ್ಯವಾಗಿ ಇನ್ನೂ ಬೇಗ ಏರುತ್ತದೆ. ತಪ್ಪು ಸಮುದ್ರದ್ದಲ್ಲ, ನೆಲದ್ದು. ಅಮೆಜಾನ್ ಬರಕ್ಕೆ ಒಣಗುತ್ತದೆ, ಇಂಡೋನೇಷ್ಯಾದ ಕಾಡು ಉರಿಯುತ್ತದೆ. ಸಮುದ್ರ ಉಳಿಸಿದ್ದಕ್ಕಿಂತ ಜಾಸ್ತಿಯನ್ನು ಇವು ಹೊರಗೆ ಹಾಕುತ್ತವೆ.

ಮತ್ತೆ ಫ್ಯಾನ್ ಹಾಕಿ, ಈ ಸಲ ಜೋರಾಗಿ. ಅದು ಲಾ ನಿನಾ, ಎಲ್ ನಿನೊದ ಉಲ್ಟಾ. ಕೆಂಪು ಇನ್ನಷ್ಟು ಮೇಲೇಳುತ್ತದೆ. ನಾಲ್ಕೈದು ಸಲ ಮಾಡುವಷ್ಟರಲ್ಲಿ ನೀರೆಲ್ಲಾ ಗುಲಾಬಿಯಾಗಿಬಿಡುತ್ತದೆ. ಅದನ್ನು ಚೆಲ್ಲಿಬಿಡಿ. ಉಪ್ಪಿದೆ, ಗಿಡಕ್ಕೆ ಹಾಕಬೇಡಿ.