ಮೂಲೆ ಸೇರಿದ ಹಳೇ ಜಪಾನಿ ಬೈಕನ್ನ ಮತ್ತೆ ಎಬ್ಬಿಸೋದು ಹೇಗೆ

ಹಳೇ ಜಪಾನಿ ಬೈಕಿನ ಹುಚ್ಚಿರೋರ ಕಥೆ ಎಲ್ಲಾ ಒಂದೇ ಥರ, ನಂದೂ ಅಷ್ಟೆ. ಇಪ್ಪತ್ತರ ವಯಸ್ಸಲ್ಲಿ ಓಡಿಸಿದ ಗಾಡಿನ ಯಾವುದೋ ಕಾರಣಕ್ಕೆ ಮಾರಿಬಿಟ್ಟು, ಆಮೇಲೆ ವರ್ಷಗಟ್ಟಲೆ ಅದರ ಸೌಂಡು ಕಿವಿಲಿ ಇಟ್ಕೊಂಡು ಓಡಾಡಿ, ಕೊನೆಗೊಂದು ದಿನ ಅದೇ ಮಾಡೆಲ್ಲು ಎಲ್ಲೋ ಧೂಳು ಹೊದ್ಕೊಂಡು ನಿಂತಿರೋದು ಕಂಡ್ರೆ ಹಿಂದೆಮುಂದೆ ನೋಡದೆ ಮನೆಗೆ ತಂದುಬಿಡೋದು. ತಂದ ರಾತ್ರಿನೇ ಹೊಸ ಬ್ಯಾಟರಿ ಹಾಕಿ, ಪೆಟ್ರೋಲ್ ಸುರಿದು, ಸೆಲ್ಫ್ ಒತ್ತೋದು. ದಯವಿಟ್ಟು ಅದೊಂದು ಮಾಡ್ಬೇಡಿ.

ಇನ್ನು ಕೆಲವರು ಉಲ್ಟಾ, ಮೊದಲ ದಿನಾನೇ ಕ್ರೋಮ್ ಪಾಲಿಶು, ಟ್ಯಾಂಕಿಗೆ ಪೇಂಟು. ಬ್ರೇಕೇ ಹಿಡಿಯಲ್ಲ, ಟ್ಯಾಂಕು ಮಾತ್ರ ಫಳಫಳ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಹೊಳಪು ಕೊನೆಗಿರಲಿ.

ನನ್ನ ಹತ್ರ ಇರೋದು ಹೋಂಡಾ ಸಿಬಿ750, ಅದನ್ನೇ ಇಟ್ಕೊಂಡು ಹೇಳ್ತೀನಿ. 1969ರಲ್ಲಿ ಇದು ಬಂದಾಗ ಸಾಲಾಗಿ ನಾಲ್ಕು ಸಿಲಿಂಡರು, 736 ಸಿಸಿ, ಸೆಲ್ಫ್ ಸ್ಟಾರ್ಟು, ಮುಂದೆ ಡಿಸ್ಕ್ ಬ್ರೇಕು, ಹಿಂದೆ ನಾಲ್ಕು ಸೈಲೆನ್ಸರು ಎಲ್ಲಾ ಒಟ್ಟಿಗೆ ಒಂದೇ ಗಾಡಿಲಿ ನೋಡಿ ಜನ ಬಾಯಿ ಬಿಟ್ಕೊಂಡಿದ್ರು. ಆದ್ರೆ ನಾಲ್ಕು ಸಿಲಿಂಡರ್ ಅಂದ್ರೆ ನಾಲ್ಕು ಕಾರ್ಬೊರೇಟರ್ ಕೂಡ, ನಿಮ್ಮ ತಲೆನೋವೂ ನಾಲ್ಕು ಪಟ್ಟು, ಅದನ್ನ ಮರೀಬೇಡಿ.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಬಿಡಿ. ಆಮೇಲೆ ಕಿಕ್ಕರನ್ನ ಕೈಯಲ್ಲೇ ನಿಧಾನಕ್ಕೆ ಒತ್ತಿ ನೋಡಿ, ಕಾಲಲ್ಲಿ ಒದೀಬೇಡಿ. ತಿರುಗಿದ್ರೆ ನೀವು ಪುಣ್ಯವಂತರು. ತಿರುಗ್ಲಿಲ್ವಾ, ಮತ್ತೆ ಆಯಿಲ್ ಬಿಟ್ಟು ಒಂದು ವಾರ ಕಾಯಿರಿ, ಜೋರು ಮಾಡಿದ್ರೆ ಅಂಟ್ಕೊಂಡಿರೋ ಪಿಸ್ಟನ್ ರಿಂಗು ಮುರಿಯುತ್ತೆ. ಆಯಿಲ್ ವಿಷಯದಲ್ಲಿ ಇನ್ನೊಂದು, ಈ ಗಾಡಿಗೆ ಆಯಿಲ್ ಟ್ಯಾಂಕು ಬೇರೆನೇ ಇದೆ, ಬಲಗಡೆ ಸೈಡ್ ಕವರ್ ಒಳಗೆ. ತುಂಬಾ ದಿನ ನಿಂತ್ರೆ ಅದರಲ್ಲಿರೋ ಆಯಿಲ್ ಮೆಲ್ಲಗೆ ಕೆಳಗಿಳಿದು ಎಂಜಿನ್ ಒಳಗೆ ಸೇರ್ಕೊಳ್ಳುತ್ತೆ. ಟ್ಯಾಂಕಲ್ಲಿ ಕಮ್ಮಿ ಇದೆ ಅಂತ ಮೇಲಿಂದ ಸುರಿದ್ರೆ ಡಬಲ್ ಆಗಿ ಎಲ್ಲೆಲ್ಲಿಂದಲೋ ಉಗುಳುತ್ತೆ. ಎರಡೂ ಕಡೆ ಪೂರ್ತಿ ಬಸಿದು ಹೊಸದು ಹಾಕಿ.

ಈಗ ಸ್ಕ್ರೂ. ಇದಕ್ಕೆ ನಾನು ಅತ್ತಿದ್ದೀನಿ, ನಿಜವಾಗ್ಲೂ. ಪಾಯಿಂಟ್ಸ್ (ಪ್ಲಗ್ಗಲ್ಲಿ ಯಾವಾಗ ಕಿಡಿ ಹಾರ್ಬೇಕು ಅಂತ ನೋಡ್ಕೊಳ್ಳೋ ಸ್ವಿಚ್ಚು) ಕವರ್ ಬಿಚ್ಚೋಕೆ ಮನೇಲಿದ್ದ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ, ಅದು ಸರಕ್ ಅಂತ ಮೇಲೆದ್ದು ಬಂತು, ಮತ್ತೆ ಒತ್ತಿದೆ, ಮತ್ತೆ ಸರಕ್, ನಾಲ್ಕನೇ ಸಲಕ್ಕೆ ಸ್ಕ್ರೂ ತಲೆ ಬಟ್ಟಲು ಥರ ಗುಂಡಗಾಗಿತ್ತು. ಕೊನೆಗೆ ಡ್ರಿಲ್ ಹಾಕಿ ತೆಗೆದೆ, ಜೊತೆಗೆ ಕವರಿಗೂ ಒಂದು ಗೀರು. ವಿಷಯ ಏನಪ್ಪಾ ಅಂದ್ರೆ ಹಳೇ ಜಪಾನಿ ಗಾಡಿಲಿ ಇರೋದು ಫಿಲಿಪ್ಸ್ ಅಲ್ಲ, ಜೆಐಎಸ್, ಅಂದ್ರೆ ಜಪಾನಿನದೇ ಅಳತೆಯ ಸ್ಕ್ರೂ. ನೋಡೋಕೆ ಎರಡೂ ಒಂದೇ, ಆದ್ರೆ ಒಳಗಿನ ಆಕಾರ ಬೇರೆ. ಫಿಲಿಪ್ಸ್ ಮೂತಿ ಅದರ ತಳದವರೆಗೆ ಸರಿಯಾಗಿ ಕೂರಲ್ಲ. ಎಷ್ಟೋ ಸ್ಕ್ರೂ ತಲೆ ಮೇಲೆ ಒಂದು ಪುಟ್ಟ ಚುಕ್ಕಿ ಇರುತ್ತೆ, ಅದೇ ಗುರುತು. ಒಂದು ಜೆಐಎಸ್ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ, ಸುತ್ತಿಗೆಲಿ ತಲೆಗೊಂದು ಕೊಟ್ರೆ ತಾನೇ ಸ್ವಲ್ಪ ತಿರುಗೋ ಥರದ್ದು. ಐವತ್ತು ವರ್ಷದಿಂದ ಅಲುಗದ ಸ್ಕ್ರೂ ಕೂಡ ಟಕ್ ಅಂತ ಬಿಡುತ್ತೆ, ಆ ಟಕ್ ಕೇಳೋ ಸುಖಾನೇ ಬೇರೆ. ಇದನ್ನ ನನಗೆ ಯಾರಾದ್ರೂ ಮೊದಲೇ ಹೇಳಿದ್ರೆ ಎಷ್ಟು ಬೈಗುಳ ಉಳೀತಿತ್ತೋ.

ಪೆಟ್ರೋಲ್ ಟ್ಯಾಂಕಿಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿದ್ರೆ ಸಿಟ್ರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಟ್ಟು, ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ. ಒಣಗಿಸೋದು ತಡ ಆದ್ರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತೆ.

ಕಾರ್ಬೊರೇಟರಿಗೆ ಒಂದು ಭಾನುವಾರ ಪೂರ್ತಿ ಎತ್ತಿಡಿ. ಕೆಳಗೆ ಪೆಟ್ರೋಲ್ ನಿಲ್ಲೋ ಬೌಲ್ ತೆಗೆದಾಗ ಒಳಗೆ ಹಳೇ ಪೆಟ್ರೋಲು ಹಸಿರು ಗೋಂದು ಥರ ಕೂತಿರುತ್ತೆ, ವಾಸನೆ ಎರಡು ದಿನ ಕೈ ಬಿಡಲ್ಲ. ಮುಖ್ಯ ಅಂದ್ರೆ ಪೈಲಟ್ ಜೆಟ್, ಐಡಲಲ್ಲಿ ಪೆಟ್ರೋಲ್ ಬಿಡೋ ಪುಟ್ಟ ನಳಿಕೆ, ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣ, ಬೆಳಕಿಗೆ ಹಿಡಿದ್ರೆ ನಕ್ಷತ್ರದಷ್ಟು ಕಾಣ್ಬೇಕು, ಕಾಣ್ಲಿಲ್ಲ ಅಂದ್ರೆ ಬ್ಲಾಕ್ ಆಗಿದೆ ಅಂತ. ಸೂಜಿ ಚುಚ್ಚಿ ತೂತು ದೊಡ್ಡದು ಮಾಡ್ಬೇಡಿ, ವೈರಿನ ಒಂದು ತಾಮ್ರದ ಎಳೆ ಸಾಕು, ಜೊತೆಗೆ ಕ್ಲೀನರ್ ಸ್ಪ್ರೇ. ಒಂದು ಕಾರ್ಬಿನ ಸಾಮಾನು ಇನ್ನೊಂದಕ್ಕೆ ಬೆರೆಸಬೇಡಿ, ನಾಲ್ಕು ಬಟ್ಟಲಲ್ಲಿ ಬೇರೆ ಬೇರೆ ಇಡಿ.

ವಾಲ್ವ್ ಗ್ಯಾಪು ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.05 ಮಿ.ಮೀ., ಎಕ್ಸಾಸ್ಟ್ 0.08. ಪಾಯಿಂಟ್ಸ್ ಗ್ಯಾಪು 0.3ರಿಂದ 0.4. ಗ್ಯಾಪು ಅಳೆಯೋ ತೆಳು ಪಟ್ಟಿಗಳ ಫೀಲರ್ ಗೇಜ್ ಇದ್ರೆ ಅರ್ಧ ಗಂಟೆ ಕೆಲಸ.

ಟೂ ಸ್ಟ್ರೋಕ್ ತಂದೋರಿಗೆ ಬೇರೆ ಪಾಠ. ಯಮಹಾ ಆರ್‌ಡಿ350 ಇರಲಿ, ಮೂರು ಸಿಲಿಂಡರಿನ ಕವಾಸಕಿ ಎಚ್1 ಇರಲಿ, ಅಮೆರಿಕದವರು ನೀರೆಮ್ಮೆ ಅಂತ ಕರೆದ ಸುಜುಕಿ ಜಿಟಿ750 ಇರಲಿ, ನಿಂತೂ ನಿಂತೂ ಕ್ರ್ಯಾಂಕ್ ಶಾಫ್ಟಿನ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತೆ. ಹೊರಗಿನ ಸೀಲ್ ಲೀಕಾದ್ರೆ ಗಾಳಿ ಎಳ್ಕೊಂಡು ಮಿಶ್ರಣ ತೆಳ್ಳಗಾಗುತ್ತೆ, ಆಕ್ಸಿಲೇಟರ್ ಬಿಟ್ರೂ ಆರ್‌ಪಿಎಂ ಇಳಿಯಲ್ಲ, ಆಗ್ಲೇ ಗಾಡಿ ನಿಲ್ಲಿಸಿ, ಇಲ್ಲಾಂದ್ರೆ ಪಿಸ್ಟನ್ ಸೀಜು. ಗೇರ್‌ಬಾಕ್ಸ್ ಕಡೆಯ ಸೀಲ್ ಹೋದ್ರೆ ಗೇರ್ ಆಯಿಲನ್ನೇ ಕುಡಿದು ಬಿಳಿ ಹೊಗೆ ನಿಲ್ಲಲ್ಲ. ಆಯಿಲ್ ಪಂಪಿನ ಪೈಪಲ್ಲಿ ಗಾಳಿ ಗುಳ್ಳೆ ಇದೆಯಾ ನೋಡಿ, ಮೊದಲ ಟ್ಯಾಂಕಿಗೆ ಪೆಟ್ರೋಲಲ್ಲೇ ಸ್ವಲ್ಪ ಆಯಿಲ್ ಬೆರೆಸಿಬಿಡಿ, ಹೊಗೆ ಬಂದ್ರೆ ಬರಲಿ. ಆ ಹೊಗೆ ವಾಸನೆಗೆ ತಾನೇ ಇಷ್ಟೆಲ್ಲಾ ಕಷ್ಟ.

ಬ್ರೇಕು ಸರಿಯಾಗೋವರೆಗೂ ರೋಡಿಗೆ ಇಳೀಬೇಡಿ. ಹಳೇ ರಬ್ಬರ್ ಹೋಸು ಒಳಗೇ ಊದ್ಕೊಂಡಿರುತ್ತೆ, ಬದಲಾಯಿಸಿ. ಬ್ರೇಕ್ ಬಿಟ್ಟ ಮೇಲೂ ಡಿಸ್ಕ್ ಹಿಡ್ಕೊಂಡೇ ಇದ್ರೆ ಬ್ರೇಕ್ ಲಿವರಿನ ಹತ್ರ ಇರೋ ಮಾಸ್ಟರ್ ಸಿಲಿಂಡರ್ ಒಳಗಿನ ಸಣ್ಣ ರಿಟರ್ನ್ ತೂತನ್ನೂ ನೋಡಿ, ಜನ ಕ್ಯಾಲಿಪರ್ ಮಾತ್ರ ಬಿಚ್ಚಿ ಸುಸ್ತಾಗ್ತಾರೆ. ಟೈರ್ ಎಷ್ಟೇ ಗಟ್ಟಿ ಕಂಡ್ರೂ ಪಕ್ಕದ ನಾಲ್ಕು ಅಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ರೆ 2000ಕ್ಕಿಂತ ಹಿಂದಿಂದು, ಎಸೀರಿ.

ಸ್ಟಾರ್ಟ್ ಆದ್ಮೇಲೆ ಎಂಜಿನ್ ಬಿಸಿಯಾಗ್ಲಿ, ಆಮೇಲೆ ಒಂದೊಂದು ಕಾರ್ಬಿನ ಎಳೆತ ತೋರಿಸೋ ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕೂ ಕಾರ್ಬು ಸಮ ಮಾಡಿ. ಎದುರಿಗೆ ಒಂದು ಫ್ಯಾನ್ ಇಡಿ, ಗಾಳಿಯಲ್ಲೇ ತಣ್ಣಗಾಗೋ ಎಂಜಿನ್ ಅದು. ಸಮ ಆಗೋ ಮುಂಚೆ ಯಾರೋ ಡಬ್ಬಕ್ಕೆ ಬೋಲ್ಟ್ ಹಾಕಿ ಕುಲುಕಿದ ಹಾಗಿರೋ ಸದ್ದು, ಕೊನೇ ಸ್ಕ್ರೂ ಕಾಲು ಸುತ್ತು ತಿರುಗಿಸಿದಾಗ ತಟ್ಟನೆ ಒಂದಾಗುತ್ತೆ ನೋಡಿ, ಇಪ್ಪತ್ತನೇ ವಯಸ್ಸಲ್ಲಿ ಕೇಳಿದ್ದ ಅದೇ ಸೌಂಡು.

ಓಡಿಸಿ ಬಂದ್ಮೇಲೆ ಪೆಟ್ರೋಲ್ ಕಾಕ್ ಆಫ್ ಮಾಡೋದು ಮರೀಬೇಡಿ, ತಿಂಗಳುಗಟ್ಟಲೆ ಓಡಿಸಲ್ಲ ಅಂದ್ರೆ ಬೌಲಲ್ಲಿರೋ ಪೆಟ್ರೋಲೂ ಬಸಿದುಬಿಡಿ, ಇಲ್ಲಾಂದ್ರೆ ಮತ್ತೆ ಅದೇ ಗೋಂದು, ಮತ್ತೊಂದು ಭಾನುವಾರ.